ಶಾಲೆಗೆ ಬಾಂಬ್ ಬೆದರಿಕೆ ಮೇಲ್ ಬಂದರೆ ಎಚ್‌ಎಂ ಏನು ಮಾಡಬೇಕು? ಗೇಟಿನಿಂದಲೇ ಶುರು ಮಾಡೋಣ

2023ರ ಡಿಸೆಂಬರ್ 1, ಶುಕ್ರವಾರ. ಬೆಂಗಳೂರಿನ ಕೆಲವು ಶಾಲೆಗಳಿಗೆ ಬಾಂಬ್ ಇಟ್ಟಿದ್ದೇವೆ ಅಂತ ಮೇಲ್ ಬಂದಿದೆ ಎಂದು ಬೆಳಗ್ಗೆಯೇ ಟಿವಿಯಲ್ಲಿ ಸುದ್ದಿ ಶುರುವಾಯಿತು. ನೋಡ್ತಾ ನೋಡ್ತಾ ಶಾಲೆಗಳ ಲೆಕ್ಕ 40 ದಾಟಿತು. ನಮ್ಮ ಶಾಲೆಗೆ ಆ ಮೇಲ್ ಬಂದೇ ಇರಲಿಲ್ಲ. ಆದರೂ ಹತ್ತೂವರೆ ಹೊತ್ತಿಗೆ ನಮ್ಮ ಗೇಟಿನ ಮುಂದೆ ಇನ್ನೂರು ಮುನ್ನೂರು ಜನ ಪೋಷಕರು. ಕೆಲವರು ಆಫೀಸಿನ ಐಡಿ ಕಾರ್ಡ್ ಕತ್ತಿನಲ್ಲಿ ಹಾಕಿಕೊಂಡೇ ಓಡಿ ಬಂದಿದ್ದರು, ಒಬ್ಬ ತಾಯಿಯ ಕೈಯಲ್ಲಿ ಇನ್ನೂ ಚಪಾತಿ ಹಿಟ್ಟು ಅಂಟಿಕೊಂಡಿತ್ತು.

ನಾನು ಆಗ ಆ ಶಾಲೆಯ ಎಚ್‌ಎಂ. ಎಲ್‌ಕೆಜಿಯಿಂದ ಹತ್ತನೇ ಕ್ಲಾಸಿನವರೆಗೆ ಸುಮಾರು ಎಂಟುನೂರು ಮಕ್ಕಳು. ನಾನು ಮಾಡಿದ್ದೇನು ಗೊತ್ತಾ? ಗೇಟ್ ಹಾಕಿಸಿ ಆಫೀಸಿನಲ್ಲಿ ಕೂತೆ. ಸ್ಟೇಷನ್‌ಗೆ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿಗೆ, ಆಡಳಿತ ಮಂಡಳಿಯವರಿಗೆ ಫೋನ್ ಮೇಲೆ ಫೋನ್. ಇಪ್ಪತ್ತು ನಿಮಿಷ ಹೊರಗೆ ಬರಲೇ ಇಲ್ಲ. ಅಷ್ಟರಲ್ಲಿ ಗೇಟಿನ ಹತ್ತಿರ ನೂಕಾಟವಾಗಿ ಒಬ್ಬ ಅಜ್ಜ ಬಿದ್ದು ಮೊಣಕಾಲು ಕೆತ್ತಿಕೊಂಡರು, ವಾಚ್‌ಮನ್ ಹೆದರಿ ಗೇಟ್ ತೆಗೆದುಬಿಟ್ಟ, ಜನ ಒಳಗೆ ನುಗ್ಗಿ ಕ್ಲಾಸಿನಿಂದ ಕ್ಲಾಸಿಗೆ ಓಡಾಡಿ ಸಿಕ್ಕ ಸಿಕ್ಕ ಮಕ್ಕಳ ಕೈ ಹಿಡಿದು ಎಳೆದುಕೊಂಡು ಹೋದರು.

ಅವತ್ತು ಎರಡನೇ ಕ್ಲಾಸಿನ ಒಬ್ಬ ಹುಡುಗ ಕಾಣಿಸಲಿಲ್ಲ. ಅವನ ಅಮ್ಮ ಅವನ ಬ್ಯಾಗ್ ಎದೆಗೆ ಅವಚಿಕೊಂಡು ಖಾಲಿ ಕ್ಲಾಸ್ ರೂಮಿನಲ್ಲಿ ನಿಂತಿದ್ದರು. ಬ್ಯಾಗ್ ಇದೆ, ಟಿಫಿನ್ ಡಬ್ಬಿ ಇದೆ, ಮಗು ಇಲ್ಲ. ನಲವತ್ತು ನಿಮಿಷ ಆದಮೇಲೆ ಗೊತ್ತಾಯಿತು, ಪಕ್ಕದ ಮನೆಯವರು ತಮ್ಮ ಮಗಳ ಜೊತೆ ಅವನನ್ನೂ ಕರೆದುಕೊಂಡು ಹೋಗಿದ್ದರು. ಪಾಪ, ಅವರು ಒಳ್ಳೆಯದಕ್ಕೇ ಮಾಡಿದ್ದು. ಹುಡುಗ ಅವರ ಮನೆಯಲ್ಲಿ ಕಾರ್ಟೂನ್ ನೋಡುತ್ತಾ ಕೂತಿದ್ದ. ಆದರೆ ಆ ನಲವತ್ತು ನಿಮಿಷ ಆ ತಾಯಿಯ ಮುಖ ನೋಡೋಕೆ ಆಗುತ್ತಿರಲಿಲ್ಲ.

ಬಾಂಬೇ ಇಲ್ಲದ, ಬೆದರಿಕೆಯೂ ಬಾರದ ಶಾಲೆಯಲ್ಲಿ ಇಷ್ಟಾಯಿತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನೀವು ಎಚ್‌ಎಂ ಆಗಿದ್ದರೆ, ಪ್ರಿನ್ಸಿಪಾಲ್ ಆಗಿದ್ದರೆ, ಎಸ್‌ಡಿಎಂಸಿಯಲ್ಲಿದ್ದರೆ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಪೂರ್ತಿ ಓದಿ. ಬಾಂಬ್ ಹುಡುಕೋದು ಪೊಲೀಸರ ಕೆಲಸ. ಒಂದೊಂದು ಮಗುವೂ ಸರಿಯಾದ ಕೈ ಸೇರುವಂತೆ ನೋಡಿಕೊಳ್ಳೋದು ನಮ್ಮ ಕೆಲಸ.

ಹುಸಿ ಅಂತ ನೀವು ತೀರ್ಮಾನ ಮಾಡಬೇಡಿ

ಬೆಂಗಳೂರಿಗೆ ಇದು ಹೊಸದಲ್ಲ. 2022ರ ಏಪ್ರಿಲ್ 8ರಂದು ಪರೀಕ್ಷೆ ನಡೆಯುತ್ತಿದ್ದ ಹೊತ್ತಲ್ಲೇ ಹಲವು ಶಾಲೆಗಳಿಗೆ ಇಂಥ ಮೇಲ್ ಬಂದಿತ್ತು. ಆಮೇಲೆ 2023ರದ್ದು. ಮತ್ತೆ 2025ರ ಜುಲೈ 18ರಂದು ಸುಮಾರು 40 ಶಾಲೆಗಳಿಗೆ ಬಂತು, ಅದೇ ದಿನ ದೆಹಲಿಯ ಶಾಲೆಗಳಿಗೂ ಬಂತು. ಕ್ಯಾಲೆಂಡರ್ ತೆಗೆದು ನೋಡಿ, ಮೂರೂ ಶುಕ್ರವಾರ. ದೆಹಲಿ ಸುತ್ತಮುತ್ತ 2024ರ ಮೇ 1ರಂದು ಒಂದೇ ದಿನ ನೂರಕ್ಕೂ ಹೆಚ್ಚು ಶಾಲೆಗಳನ್ನು ಖಾಲಿ ಮಾಡಿಸಿದರು. ಇವೆಲ್ಲವೂ ಹುಸಿ ಅಂತಲೇ ಆಯಿತು.

ಅದಕ್ಕೆ ಈಗ ಒಂದು ಅಪಾಯ ಶುರುವಾಗಿದೆ. "ಅಯ್ಯೋ ಬಿಡಿ ಮೇಡಂ, ಇದೂ ಅದೇ ಥರದ್ದು" ಅನ್ನುವ ಮಾತು ಸ್ಟಾಫ್ ರೂಮಿನಲ್ಲಿ ಕೇಳಿಸುತ್ತದೆ. ಹಾಗನ್ನಬೇಡಿ. ಇದೇ ಊರಲ್ಲಿ 2013ರ ಏಪ್ರಿಲ್‌ನಲ್ಲಿ ಮಲ್ಲೇಶ್ವರದಲ್ಲಿ, 2014ರ ಡಿಸೆಂಬರ್‌ನಲ್ಲಿ ಚರ್ಚ್ ಸ್ಟ್ರೀಟಿನಲ್ಲಿ, 2024ರ ಮಾರ್ಚ್ 1ರಂದು ರಾಮೇಶ್ವರಂ ಕೆಫೆಯಲ್ಲಿ ನಿಜವಾದ ಬಾಂಬೇ ಸಿಡಿದಿದೆ. ನೂರು ಸಲ ಸುಳ್ಳಾಗಿರಬಹುದು, ನೂರಾ ಒಂದನೆಯದನ್ನು ಮೇಲ್ ಓದಿ ಅಳೆಯೋಕೆ ನಮಗೆ ಆಗಲ್ಲ. ಬಾಂಬ್ ನಿಷ್ಕ್ರಿಯ ದಳ ಬಂದು, ಶ್ವಾನ ದಳ ಬಂದು, ಮೂಲೆ ಮೂಲೆ ನೋಡಿ, ಪೊಲೀಸರು ಬಾಯಿಬಿಟ್ಟು "ಏನೂ ಇಲ್ಲ" ಅನ್ನುವವರೆಗೂ ಅದು ನಿಜ ಅಂತಲೇ ನಡೆದುಕೊಳ್ಳಿ.

ಮೊದಲ ಹತ್ತು ನಿಮಿಷ

ಮೇಲ್ ನೋಡಿದವರು ಅದನ್ನು ಡಿಲೀಟ್ ಮಾಡಬಾರದು, ಉತ್ತರ ಬರೆಯಬಾರದು, ನಾಲ್ಕು ಜನಕ್ಕೆ ಫಾರ್ವರ್ಡ್ ಮಾಡಬಾರದು. ಹಾಗೇ ತೆರೆದಿಟ್ಟು ಮೊಬೈಲಿನಲ್ಲಿ ಸ್ಕ್ರೀನಿನ ಫೋಟೊ ತೆಗೆದುಕೊಳ್ಳಿ. ಯಾವ ವಿಳಾಸದಿಂದ ಬಂತು, ಎಷ್ಟು ಗಂಟೆಗೆ ಬಂತು ಅನ್ನುವುದು ಅದರಲ್ಲಿ ಕಾಣಬೇಕು. ಸೈಬರ್ ಪೊಲೀಸರಿಗೆ ಆ ಮೂಲ ಮೇಲ್ ಬೇಕು, ಅದರ ಜಾಡು ಹಿಡಿಯೋದು ಅದರಿಂದಲೇ. ಫೋನಿನಲ್ಲಿ ಬೆದರಿಕೆ ಬಂದರೆ ಫೋನ್ ಇಡದೆ ಅವರನ್ನು ಮಾತಾಡಿಸುತ್ತಾ ಇರಿ. ಕೇಳಿಸಿದ್ದನ್ನು ಕೇಳಿಸಿದ ಹಾಗೇ ಬರೆದುಕೊಳ್ಳಿ, ಹಿಂದೆ ಬಸ್ಸಿನ ಸದ್ದಿತ್ತಾ, ಗಂಡಸಾ ಹೆಂಗಸಾ, ಯಾವ ಕಡೆಯ ಭಾಷೆ, ಎಲ್ಲ.

112ಕ್ಕೆ ಫೋನ್ ಮಾಡಿ. ಜೊತೆಗೇ ನಿಮ್ಮ ಸ್ಟೇಷನ್ ಇನ್‌ಸ್ಪೆಕ್ಟರ್ ನಂಬರಿಗೂ ಮಾಡಿ. ಎರಡೂ ಬೇಕು, ಯಾಕೆಂದರೆ ಒಂದೇ ದಿನ ನಲವತ್ತು ಕಡೆಯಿಂದ ಫೋನ್ ಹೋಗುತ್ತಿರುವಾಗ ಗುರುತಿರುವ ಸ್ಟೇಷನ್ನೇ ಮೊದಲು ಮುಟ್ಟೋದು. ಶಾಲೆಯ ಹೆಸರು, ಮಕ್ಕಳೆಷ್ಟು, ಎಷ್ಟು ಮಹಡಿ, ಯಾವ ಗೇಟಿಂದ ಗಾಡಿ ಒಳಗೆ ಬರಬಹುದು, ಇಷ್ಟು ಹೇಳಿ. ಮಕ್ಕಳನ್ನು ಹೊರಗೆ ಕರೆತರಬೇಕಾ ಅಂತ ಅವರನ್ನು ಕೇಳಿ. ಅಪರಿಚಿತ ಬ್ಯಾಗೋ ಡಬ್ಬವೋ ಕಣ್ಣಿಗೆ ಬಿದ್ದಿದ್ದರೆ ಕೇಳುತ್ತಾ ಕೂರಬೇಡಿ, ಆ ಕಡೆಯ ಮಕ್ಕಳನ್ನು ತಕ್ಷಣ ದೂರ ಕರೆದುಕೊಂಡು ಹೋಗಿ. ಅದನ್ನು ಯಾರೂ ಮುಟ್ಟಬಾರದು, ಅದರ ಹತ್ತಿರ ನಿಂತು ಮೊಬೈಲ್ ಬಳಸಬಾರದು.

ಆಮೇಲೆ ಬಿಇಒಗೆ, ಆಡಳಿತ ಮಂಡಳಿಗೆ. ಈ ಫೋನ್‌ಗಳನ್ನು ನೀವು ಮಾಡಬೇಡಿ, ಕ್ಲರ್ಕ್ ಕೈಯಲ್ಲೋ ಹಿರಿಯ ಟೀಚರ್ ಕೈಯಲ್ಲೋ ಮಾಡಿಸಿ. ನಾನು ಎಡವಿದ್ದು ಇಲ್ಲೇ. ಮೇಲಿನವರಿಗೆಲ್ಲ ನಾನೇ ವಿವರಿಸಬೇಕು ಅಂದುಕೊಂಡೆ. ಒಬ್ಬೊಬ್ಬರೂ ಐದೈದು ನಿಮಿಷ ಪ್ರಶ್ನೆ ಕೇಳುತ್ತಾರೆ, ಅಲ್ಲಿಗೆ ಮುಗಿಯಿತು ನಿಮ್ಮ ಅರ್ಧ ಗಂಟೆ.

ಇನ್ನೊಂದು ಮಾತು. ಎಷ್ಟೋ ಶಾಲೆಗಳಲ್ಲಿ ಅಧಿಕೃತ ಮೇಲ್ ಐಡಿ ತೆರೆಯೋದು ಕ್ಲರ್ಕ್ ಬಂದ ಮೇಲೆ, ಕೆಲವು ಕಡೆ ದಿನಕ್ಕೊಂದೇ ಸಲ. ಬಸ್ಸುಗಳು ಹೊರಡುವ ಮುಂಚೆ, ಬೆಳಗ್ಗೆ ಏಳಕ್ಕೆ, ಒಬ್ಬರು ಇನ್‌ಬಾಕ್ಸ್ ಮತ್ತು ಸ್ಪ್ಯಾಮ್ ಎರಡನ್ನೂ ನೋಡುವ ಪದ್ಧತಿ ಇಟ್ಟುಕೊಳ್ಳಿ. ಮಕ್ಕಳು ಮನೆಯಲ್ಲಿರುವಾಗಲೇ ಗೊತ್ತಾದರೆ ಮುಕ್ಕಾಲು ಕಷ್ಟ ಕಳೆದ ಹಾಗೆ.

ಮಕ್ಕಳನ್ನು ಹೊರಗೆ ತರುವಾಗ

ಮಕ್ಕಳು ಹೋಗಿ ಕೂರುವ ಜಾಗವನ್ನು ಮೊದಲು ನೋಡಿಸಿ. ಪಿಟಿ ಸರ್ ಮತ್ತು ವಾಚ್‌ಮನ್ ಇಬ್ಬರೂ ಮೈದಾನವನ್ನು ಒಂದು ಸುತ್ತು ನಡೆದು, ಕಸದ ಡಬ್ಬಿ, ಗಿಡದ ಬುಡ, ಸ್ಟೇಜಿನ ಕೆಳಗೆ ಎಲ್ಲ ಕಣ್ಣಾಡಿಸಿ ಬರಲಿ. ಎಲ್ಲ ಮಕ್ಕಳನ್ನೂ ಒಂದೇ ಕಡೆ ಸೇರಿಸುತ್ತಿದ್ದೇವೆ ಅಲ್ವಾ, ಆ ಜಾಗವೇ ಸರಿ ಇಲ್ಲದಿದ್ದರೆ? ಗಾಡಿ ನಿಲ್ಲಿಸುವ ಜಾಗದ ಪಕ್ಕ ಕೂರಿಸಬೇಡಿ, ದೊಡ್ಡ ಗಾಜಿನ ಕಿಟಕಿಗಳ ಕೆಳಗೆ ಕೂರಿಸಬೇಡಿ.

ನಮ್ಮಲ್ಲಿ ಎಷ್ಟೋ ಶಾಲೆಗಳಿಗೆ ಮೈದಾನವೇ ಇಲ್ಲ. 40x60 ಸೈಟಿನಲ್ಲಿ ಮೂರು ಮಹಡಿ ಕಟ್ಟಿದ ಶಾಲೆಗಳಿವೆ. ಅಂಥವರು ಹತ್ತಿರದ ಕಲ್ಯಾಣ ಮಂಟಪದವರ ಜೊತೆಗೋ, ಪಾಲಿಕೆಯ ಪಾರ್ಕಿನ ಮೇಲ್ವಿಚಾರಕರ ಜೊತೆಗೋ, ಇನ್ನೊಂದು ಶಾಲೆಯ ಜೊತೆಗೋ ಮೊದಲೇ ಮಾತಾಡಿಟ್ಟುಕೊಳ್ಳಬೇಕು. ಬೀಗದ ಕೈ ಯಾರ ಹತ್ತಿರ ಇರುತ್ತದೆ ಅನ್ನೋದೂ ಗೊತ್ತಿರಬೇಕು. ದಾರಿಯಲ್ಲಿರುವ ಬಸ್ಸು, ವ್ಯಾನು, ಆಟೊಗಳಿಗೂ ಅದೇ ಜಾಗ ಹೇಳಿ, ಶಾಲೆಯ ಮುಂದೆ ಬಂದು ಸಾಲುಗಟ್ಟುವುದು ಬೇಡ.

ಹಾಜರಿ ಪುಸ್ತಕ ಟೀಚರ್ ಕೈಯಲ್ಲೇ ಇರಲಿ. ಹಾಜರಿ ಆ್ಯಪ್‌ನಲ್ಲಿ ಹಾಕುವವರು ಕಾಗದದ ಮೇಲೂ ಒಂದು ಬರೆದಿಟ್ಟುಕೊಳ್ಳಿ, ಅವತ್ತು ನೆಟ್‌ವರ್ಕ್ ಸಿಗಲ್ಲ, ಇಡೀ ಏರಿಯಾ ಫೋನಿನಲ್ಲಿರುತ್ತದೆ. ಎಣಿಸುವಾಗ ತಪ್ಪಿಹೋಗೋದು ಯಾವಾಗಲೂ ಅದೇ ಮಕ್ಕಳು: ಟಾಯ್ಲೆಟ್‌ಗೆ ಹೋದವರು, ಹೊಟ್ಟೆನೋವು ಅಂತ ಸಿಕ್ ರೂಮಿನಲ್ಲಿ ಮಲಗಿದವರು, ಡ್ಯಾನ್ಸ್ ಪ್ರಾಕ್ಟೀಸಿಗೆ ಹೋದವರು, ಚಾಕ್‌ಪೀಸ್ ತರೋಕೆ ಟೀಚರೇ ಕಳಿಸಿದವರು. ಟಾಯ್ಲೆಟ್ ನೋಡುವ ಕೆಲಸ ಒಬ್ಬ ಆಯಮ್ಮನಿಗೆ, ಹೆಸರು ಹಿಡಿದು, ಮೊದಲೇ ಕೊಟ್ಟಿರಿ. ನಡೆಯೋಕೆ ಕಷ್ಟ ಇರುವ ಮಗು ಇದ್ದರೆ ಎತ್ತಿಕೊಳ್ಳುವವರು ಯಾರು ಅಂತಲೂ ಹೆಸರು ಹಿಡಿದೇ ಹೇಳಿರಬೇಕು. ಬಿಸಿಯೂಟದ ಅಡುಗೆ ನಡೆಯುತ್ತಿದ್ದರೆ ಗ್ಯಾಸ್ ಆಫ್ ಮಾಡಿಸಿ. ಕ್ಲಾಸ್ ರೂಮಿನ ಬಾಗಿಲುಗಳನ್ನು ತೆರೆದೇ ಬಿಟ್ಟು ಬನ್ನಿ.

ಬ್ಯಾಗ್ ತರಬೇಕಾ ಬಿಡಬೇಕಾ ಅಂತ ದೊಡ್ಡ ಚರ್ಚೆ ಇದೆ. ಬಿಟ್ಟು ಬಂದರೆ ಮಕ್ಕಳು ಬೇಗ ಇಳಿಯುತ್ತಾರೆ, ಆದರೆ ಎಂಟುನೂರು ಬ್ಯಾಗನ್ನು ದಳದವರು ಒಂದೊಂದಾಗಿ ನೋಡಬೇಕಾಗುತ್ತದೆ. ತಂದರೆ ಮೆಟ್ಟಿಲ ಮೇಲೆ ಎಡವುತ್ತಾರೆ. ಪುಟ್ಟ ಮಕ್ಕಳು ಬಿಟ್ಟೇ ಬರಲಿ ಅನ್ನೋದು ನನ್ನ ಅಭಿಪ್ರಾಯ. ದೊಡ್ಡವರ ವಿಷಯ ನಿಮ್ಮ ಸ್ಟೇಷನ್‌ನವರ ಜೊತೆ ಕೂತು ತೀರ್ಮಾನ ಮಾಡಿ, ಆ ದಿನ ಅಲ್ಲ, ಇವತ್ತೇ. ಆದರೆ ಉಸಿರಾಟದ ಪಂಪು, ಫಿಟ್ಸ್ ಮಾತ್ರೆ, ಇನ್ಸುಲಿನ್ ಇರುವ ಮಕ್ಕಳ ಔಷಧಿ ಟೀಚರ್ ಕೈಯಲ್ಲಿ ಕೆಳಗೆ ಬರಲೇಬೇಕು. ನೀರೂ ಬೇಕು. ಬಿಸಿಲಿನಲ್ಲಿ ಎರಡು ಗಂಟೆ ಕೂರೋದು ಪುಟಾಣಿಗಳಿಗೆ ತಮಾಷೆಯಲ್ಲ.

ಗೇಟು

ಮಕ್ಕಳು ಮೈದಾನಕ್ಕೆ ಬಂದು ಎಣಿಕೆ ಮುಗಿದ ತಕ್ಷಣ ನೀವು ಗೇಟಿಗೆ ಹೋಗಿ. ವೈಸ್ ಪ್ರಿನ್ಸಿಪಾಲರನ್ನು ಮಕ್ಕಳ ಹತ್ತಿರ ಬಿಟ್ಟು, ನೀವೇ ಹೋಗಿ. ಬೇರೆಯವರನ್ನು ಕಳಿಸಬೇಡಿ.

ಯಾಕೆ ಅಂದರೆ, ಪೋಷಕರು ಹುಡುಕೋದು ಎಚ್‌ಎಂ ಮುಖವನ್ನು. ಅಡ್ಮಿಷನ್ ದಿನ ನೋಡಿದ, ಪೇರೆಂಟ್ಸ್ ಮೀಟಿಂಗ್‌ನಲ್ಲಿ ನೋಡಿದ ಆ ಮುಖ ಗೇಟಿನ ಹತ್ತಿರ ಕಂಡರೆ ಅರ್ಧ ಜನ ಅಲ್ಲೇ ನಿಲ್ಲುತ್ತಾರೆ. ಮುಚ್ಚಿದ ಗೇಟು, ಏನೂ ಗೊತ್ತಿಲ್ಲದ ವಾಚ್‌ಮನ್, ಎತ್ತದ ಫೋನ್, ಈ ಮೂರೂ ಸೇರಿದರೆ ಯಾವ ತಾಯಿ ತಾನೇ ಸುಮ್ನೆ ನಿಲ್ಲುತ್ತಾಳೆ? ನಾನಾಗಿದ್ದರೂ ನುಗ್ಗುತ್ತಿದ್ದೆ.

ಜನಜಂಗುಳಿ ಅಂದರೆ ಏನಾಗಬಹುದು ಅನ್ನೋದನ್ನು ಬೆಂಗಳೂರು 2025ರ ಜೂನ್ 4ರಂದು ಚಿನ್ನಸ್ವಾಮಿ ಸ್ಟೇಡಿಯಂ ಗೇಟುಗಳ ಹತ್ತಿರ ನೋಡಿದೆ. 11 ಜನ ಸತ್ತರು, ಅದೂ ಸಂಭ್ರಮಕ್ಕೆ ಬಂದವರು. ಶಾಲೆಯ ಗೇಟಿನಲ್ಲಿ ಅಷ್ಟು ಜನ ಸೇರಲ್ಲ ನಿಜ. ಆದರೆ ನಮ್ಮ ಗೇಟು ಎಂಟು ಅಡಿಯದ್ದು, ಒಳಗಿರೋದು ಮೂರು ಅಡಿ ಎತ್ತರದ ಮಕ್ಕಳು.

ಗೇಟಿಗೆ ಹೋದಾಗ ಏರು ಜಾಗದಲ್ಲಿ ನಿಲ್ಲಿ. ಒಂದು ಕುರ್ಚಿ, ಸ್ಟೂಲ್, ಏನಾದರೂ ಆಗುತ್ತದೆ. ಸ್ಪೋರ್ಟ್ಸ್ ಡೇಗೆ ಬಳಸುವ ಕೈ ಮೈಕು ಎಲ್ಲಿದೆ, ಅದರ ಸೆಲ್ ಇದೆಯಾ ನೋಡಿಟ್ಟಿರಿ. ಹೀಗೆ ಹೇಳಿ: "ನಾನು ಎಚ್‌ಎಂ ಮಾತಾಡ್ತಿರೋದು. ಮಕ್ಕಳೆಲ್ಲ ಮೈದಾನದಲ್ಲಿದ್ದಾರೆ. ಎಣಿಸಿದ್ದೇವೆ, 794 ಜನ ಇವತ್ತು ಬಂದಿದ್ದರು, 794 ಜನ ಅಲ್ಲಿದ್ದಾರೆ. ಕರೆದುಕೊಂಡು ಹೋಗೋರು ಎಡಗಡೆ ಸಾಲು ನಿಲ್ಲಿ. ಎಲ್‌ಕೆಜಿ, ಯುಕೆಜಿ ಮೊದಲು." ಅಂಕಿ ಹೇಳಿ. ಅಂಕಿ ಕೇಳಿದ ತಕ್ಷಣ ಜನ ತಣ್ಣಗಾಗುವುದನ್ನು ನಾನು ಆಮೇಲಿನ ವರ್ಷಗಳ ಡ್ರಿಲ್‌ನಲ್ಲಿ ಕಣ್ಣಾರೆ ನೋಡಿದ್ದೇನೆ. "ಎಲ್ಲರೂ ಸೇಫ್" ಅಂದರೆ ಯಾರೂ ನಂಬಲ್ಲ, ಎಣಿಸಿದವರು ಮಾತ್ರ ಅಂಕಿ ಹೇಳೋಕೆ ಸಾಧ್ಯ.

ಒಳಗೆ ಬರೋಕೆ ಒಂದು ಗೇಟು, ಹೊರಗೆ ಹೋಗೋಕೆ ಇನ್ನೊಂದು. ಒಂದೇ ಗೇಟ್ ಇದ್ದರೆ ಮಧ್ಯೆ ಬೆಂಚು ಅಡ್ಡ ಇಟ್ಟು ಎರಡು ಭಾಗ ಮಾಡಿ. ಪೊಲೀಸ್ ಗಾಡಿ ಬರುವ ದಾರಿಗೆ ಅಡ್ಡವಾಗಿ ಸ್ಕೂಟರ್ ನಿಲ್ಲಿಸದ ಹಾಗೆ ನೋಡಿಕೊಳ್ಳೋಕೆ ಇಬ್ಬರು ವ್ಯಾನ್ ಡ್ರೈವರ್‌ಗಳನ್ನು ನಿಲ್ಲಿಸಿ, ಅವರಿಗೆ ಪೋಷಕರ ಗುರುತೂ ಇರುತ್ತದೆ.

ಇನ್ನು ರಿಜಿಸ್ಟರ್. ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ. ಒಂದು ಉದ್ದ ಪುಸ್ತಕ, ಕ್ಲಾಸಿಗೊಂದು ಹಾಳೆ, ಮಕ್ಕಳ ಹೆಸರು ಮೊದಲೇ ಅಚ್ಚಾಗಿರಬೇಕು. ಹೆಸರಿನ ಮುಂದೆ ಕರೆದುಕೊಂಡು ಹೋಗಬಹುದಾದ ಮೂವರ ಹೆಸರು, ಅಡ್ಮಿಷನ್ ಸಮಯದಲ್ಲಿ ಪೋಷಕರೇ ಬರೆದುಕೊಟ್ಟದ್ದು. ಅದರ ಮುಂದೆ ಖಾಲಿ ಜಾಗ: ಯಾರು ಕರೆದುಕೊಂಡು ಹೋದರು, ಏನಾಗಬೇಕು, ಎಷ್ಟು ಗಂಟೆ, ಸಹಿ. ಸಹಿ ಬಾರದ ಅಜ್ಜಿ ಬಂದರೆ ಹೆಬ್ಬೆಟ್ಟು. ಸ್ಟಾಂಪ್ ಪ್ಯಾಡೂ ಅಲ್ಲೇ ಇರಲಿ. ಗುರುತಿನ ಚೀಟಿ ನೋಡಿ, ಆಮೇಲೆ ಮಗುವನ್ನೂ ಕೇಳಿ, "ಇವರು ಯಾರು ಪುಟ್ಟಾ?" ಮಗು ಹಿಂದೆ ಸರಿದರೆ ಕಳಿಸಬೇಡಿ. ಪಟ್ಟಿಯಲ್ಲಿ ಇಲ್ಲದ ಪಕ್ಕದ ಮನೆಯವರು ಬಂದರೆ ಎಷ್ಟೇ ಪರಿಚಯ ಇದ್ದರೂ ಅಪ್ಪನಿಗೋ ಅಮ್ಮನಿಗೋ ಫೋನ್ ಮಾಡಿ ಹೂಂ ಅನ್ನಿಸಿಕೊಳ್ಳಿ. ಅಪ್ಪ ಅಮ್ಮ ಬೇರೆ ಬೇರೆ ಇರುವ, ಕೋರ್ಟಿನಲ್ಲಿ ಕೇಸ್ ನಡೆಯುತ್ತಿರುವ ಮನೆಗಳ ಮಕ್ಕಳ ಹೆಸರಿಗೆ ನಿಮಗೆ ಮಾತ್ರ ತಿಳಿಯುವ ಒಂದು ಗುರುತು ಹಾಕಿಟ್ಟಿರಿ. ಇಂಥ ಗದ್ದಲದಲ್ಲೇ ಮಗುವನ್ನು ಎತ್ತಿಕೊಂಡು ಹೋಗೋಕೆ ನೋಡುವವರೂ ಇರುತ್ತಾರೆ.

ಅಣ್ಣ ತಮ್ಮ, ಅಕ್ಕ ತಂಗಿ ಇದ್ದರೆ ದೊಡ್ಡವರನ್ನು ಚಿಕ್ಕವರ ಕ್ಲಾಸಿನ ಹತ್ತಿರ ತಂದು ಕೂರಿಸಿ. ಇಲ್ಲದಿದ್ದರೆ ಅಮ್ಮ ಒಂದನ್ನು ಕರೆದುಕೊಂಡು ಇನ್ನೊಂದಕ್ಕಾಗಿ ಗುಂಪಿಗೆ ಎದುರಾಗಿ ವಾಪಸ್ ನಡೆಯುತ್ತಾಳೆ.

ಪೊಲೀಸರು ಏನೂ ಇಲ್ಲ ಅಂದಮೇಲೆ ರಜೆ ಘೋಷಿಸಬೇಕಾ? ನನ್ನ ಪ್ರಕಾರ ಬೇಡ. ಬೇಕಾದವರು ಕರೆದುಕೊಂಡು ಹೋಗಲಿ, ಆದರೆ ಶಾಲೆ ಮಾಮೂಲಿ ಹೊತ್ತಿನವರೆಗೂ ತೆರೆದಿರಲಿ. ಗಾರ್ಮೆಂಟ್ಸ್‌ಗೆ ಹೋಗುವ ತಾಯಿ, ನಾಲ್ಕು ಮನೆ ಕೆಲಸ ಮಾಡುವ ತಾಯಿ ಹನ್ನೊಂದು ಗಂಟೆಗೆ ಬಿಟ್ಟು ಬರೋಕೆ ಆಗಲ್ಲ. ರಜೆ ಅಂದರೆ ಆ ಮಗು ಬೀಗ ಹಾಕಿದ ಮನೆ ಮುಂದೆ ಕೂರುತ್ತದೆ.

ಪೋಷಕರಿಗೆ ಏನು ಬರೆಯಬೇಕು

ಮೊದಲು ವಾಟ್ಸ್ಆ್ಯಪ್ ಗ್ರೂಪುಗಳನ್ನು ಅಡ್ಮಿನ್ ಮಾತ್ರ ಬರೆಯುವ ಹಾಗೆ ಬದಲಿಸಿ. ಒಂದು ನಿಮಿಷದ ಕೆಲಸ. ಮಾಡದಿದ್ದರೆ ನಿಮ್ಮ ಮೆಸೇಜು "ಏನಾಯ್ತು ಮಿಸ್?", "ನನ್ನ ಮಗಳು ಎಲ್ಲಿ?" ಅನ್ನುವ ಇನ್ನೂರು ಮೆಸೇಜಿನ ಕೆಳಗೆ ಹೂತು ಹೋಗುತ್ತದೆ, ಯಾರೋ ಹಳೇ ವಿಡಿಯೊ ಹಾಕಿ ಇದು ನಮ್ಮ ಶಾಲೆ ಅನ್ನುತ್ತಾರೆ.

ಮೊದಲ ಮೆಸೇಜು ಹೀಗಿರಲಿ:

"ಇವತ್ತು ಬೆಳಗ್ಗೆ ನಮ್ಮ ಶಾಲೆಗೆ ಬೆದರಿಕೆ ಮೇಲ್ ಬಂದಿದೆ. ಪೊಲೀಸರಿಗೆ ತಿಳಿಸಿದ್ದೇವೆ, ಅವರು ಬರುತ್ತಿದ್ದಾರೆ. ಮಕ್ಕಳೆಲ್ಲ ಟೀಚರ್‌ಗಳ ಜೊತೆ ಮೈದಾನದಲ್ಲಿದ್ದಾರೆ, ಎಣಿಕೆ ಮುಗಿದಿದೆ. ಕರೆದುಕೊಂಡು ಹೋಗುವವರು ಹಿಂದಿನ ಗೇಟಿಗೆ ಬನ್ನಿ, ಗುರುತಿನ ಚೀಟಿ ತನ್ನಿ. ಗಾಡಿಯನ್ನು ಶಾಲೆಯ ರಸ್ತೆಯಲ್ಲಿ ನಿಲ್ಲಿಸಬೇಡಿ. ಮುಂದಿನ ಮೆಸೇಜ್ 10:40ಕ್ಕೆ."

ಇಷ್ಟೇ. "ಯಾರೂ ಗಾಬರಿಯಾಗಬೇಡಿ" ಅಂತ ಶುರು ಮಾಡಬೇಡಿ, ಓದುವವರ ಕಣ್ಣಿಗೆ ಬೀಳೋದು ಗಾಬರಿ ಅನ್ನೋ ಪದ ಒಂದೇ. "ತಾಂತ್ರಿಕ ಕಾರಣದಿಂದ ಶಾಲೆ ಬೇಗ ಬಿಡುತ್ತೇವೆ" ಅಂತ ಮರೆಮಾಚಬೇಡಿ. ಟಿವಿ ನಿಮಗಿಂತ ಮುಂಚೆ ಹೇಳಿರುತ್ತದೆ, ಆಮೇಲೆ ನೀವು ನಿಜ ಹೇಳಿದರೂ ನಂಬಲ್ಲ. 10:40ಕ್ಕೆ ಅಂದಿದ್ದರೆ 10:40ಕ್ಕೆ ಬರೆಯಿರಿ, ಹೊಸ ಸುದ್ದಿ ಇಲ್ಲದಿದ್ದರೂ ಸರಿ. "ತಪಾಸಣೆ ನಡೆಯುತ್ತಿದೆ, ಮಕ್ಕಳು ಅಲ್ಲೇ ಇದ್ದಾರೆ, ಬಿಸ್ಕತ್ತು ನೀರು ಕೊಟ್ಟಿದ್ದೇವೆ, ಮುಂದಿನ ಮೆಸೇಜ್ 11ಕ್ಕೆ" ಅಂದರೂ ಸಾಕು.

ಕನ್ನಡದಲ್ಲಿ, ಇಂಗ್ಲಿಷಿನಲ್ಲಿ, ನಿಮ್ಮ ಶಾಲೆಯ ಪೋಷಕರಿಗೆ ತಕ್ಕ ಹಾಗೆ ಹಿಂದಿ, ತಮಿಳು, ಉರ್ದು, ತೆಲುಗಿನಲ್ಲೂ ಮೊದಲೇ ಬರೆಸಿಡಿ. ಓದೋಕೆ ಬಾರದವರಿಗೆ ಅದನ್ನೇ ನಿಮ್ಮ ದನಿಯಲ್ಲಿ ವಾಯ್ಸ್ ಮೆಸೇಜ್ ಮಾಡಿ. ಸ್ಮಾರ್ಟ್‌ಫೋನ್ ಇಲ್ಲದ ಮನೆಗಳ ಪಟ್ಟಿ ಬೇರೆ ಇರಲಿ, ಅವರಿಗೆ ಫೋನ್ ಮಾಡೋಕೆ ಇಬ್ಬರು ಟೀಚರ್.

ನಿಮ್ಮ ಶಾಲೆಗೆ ಮೇಲ್ ಬಂದಿಲ್ಲ, ಅಕ್ಕಪಕ್ಕದ ಶಾಲೆಗೆ ಬಂದಿದೆ ಅಂದಾಗಲೂ ಸುಮ್ಮನಿರಬೇಡಿ. ನಾನು ಅವತ್ತು ಸುಮ್ಮನಿದ್ದೆ. ಬರೆಯಬೇಕಿದ್ದು ಎರಡೇ ಸಾಲು: "ಈಗ 9:50. ನಮ್ಮ ಇನ್‌ಬಾಕ್ಸ್, ಸ್ಪ್ಯಾಮ್ ಎರಡೂ ನೋಡಿದ್ದೇವೆ, ಯಾವ ಬೆದರಿಕೆಯೂ ಬಂದಿಲ್ಲ, ಸ್ಟೇಷನ್‌ನವರ ಜೊತೆ ಮಾತಾಡಿದ್ದೇವೆ, ಕ್ಲಾಸ್ ನಡೆಯುತ್ತಿದೆ." ಇದು ಹೋಗಿದ್ದರೆ ಮುಕ್ಕಾಲು ಜನ ಬರುತ್ತಲೇ ಇರಲಿಲ್ಲ.

ಟಿವಿಯವರು ಬಂದರೆ ಒಬ್ಬರೇ ಮಾತಾಡಿ. ಅಳುತ್ತಿರುವ ಮಕ್ಕಳ ಮುಖಕ್ಕೆ ಕ್ಯಾಮೆರಾ ಹಿಡಿಯೋಕೆ ಬಿಡಬೇಡಿ.

ಮಕ್ಕಳಿಗೆ, ಮತ್ತೆ ಟೀಚರ್‌ಗಳಿಗೆ

"ಇದು ಡ್ರಿಲ್ ಅಷ್ಟೇ" ಅಂತ ಸುಳ್ಳು ಹೇಳುವವರಿದ್ದಾರೆ. ಸಂಜೆ ಮನೆಗೆ ಹೋದ ಮೇಲೆ ಮಗುವಿಗೆ ಗೊತ್ತಾಗುತ್ತದೆ. ಮುಂದಿನ ಸಲ ನಿಜವಾದ ಡ್ರಿಲ್ ಮಾಡಿದಾಗ ಹೆದರಿ ಅಳುತ್ತದೆ. ಪುಟಾಣಿಗಳಿಗೆ, "ಪೊಲೀಸ್ ಅಂಕಲ್ ನಮ್ಮ ಶಾಲೆ ನೋಡೋಕೆ ಬರ್ತಿದ್ದಾರೆ, ಅವರ ನಾಯಿಯೂ ಬರುತ್ತೆ, ಅಲ್ಲೀತನಕ ನಾವು ಹೊರಗೆ ಕೂತು ಹಾಡು ಹೇಳೋಣ" ಅಂದರೆ ಸಾಕು. ದೊಡ್ಡವರಿಗೆ ನೇರವಾಗಿ ಹೇಳಿ: ಯಾರೋ ಹೆದರಿಸೋ ಮೇಲ್ ಕಳಿಸಿದ್ದಾರೆ, ನಿಜವಾ ಅಂತ ಪೊಲೀಸರು ನೋಡ್ತಾರೆ, ನೀವು ಚಿಕ್ಕವರನ್ನು ನೋಡಿಕೊಳ್ಳಿ. ಒಂಬತ್ತು, ಹತ್ತನೇ ಕ್ಲಾಸಿನವರಿಗೆ ಒಂದು ಜವಾಬ್ದಾರಿ ಕೊಟ್ಟರೆ ಅವರ ಹೆದರಿಕೆ ಅರ್ಧ ಇಳಿಯುತ್ತದೆ.

ಟೀಚರ್‌ಗಳನ್ನು ಮರೆಯಬೇಡಿ. ಅವತ್ತು ನಮ್ಮ ಮೂರನೇ ಕ್ಲಾಸಿನ ಮಿಸ್ ಮಕ್ಕಳಿಗೆ ಮಗ್ಗಿ ಹೇಳಿಸುತ್ತಿದ್ದರು, ದನಿ ನಡುಗುತ್ತಿತ್ತು. ಹತ್ತಿರ ಹೋಗಿ ಕೇಳಿದರೆ, ಅವರ ಮಗಳು ಓದುವ ಶಾಲೆಗೆ ಮೇಲ್ ಬಂದಿತ್ತು. ಹೇಳೋಕೂ ಆಗದೆ, ಬಿಟ್ಟು ಹೋಗೋಕೂ ಆಗದೆ ಮೂವತ್ತೈದು ಮಕ್ಕಳ ಮುಂದೆ ನಿಂತಿದ್ದರು. ಇಂಥವರು ಯಾರು ಯಾರು ಅಂತ ಮೊದಲೇ ಕೇಳಿ. ಐದು ನಿಮಿಷ ಫೋನ್ ಮಾಡೋಕೆ ಬಿಡಿ, ಬೇಕಾದರೆ ಹೋಗಿ ಬರಲಿ, ಆ ಕ್ಲಾಸಿಗೆ ಇನ್ನೊಬ್ಬರನ್ನು ಕೂರಿಸಿ.

ಮಾರನೇ ದಿನ

ಹಾಜರಿ ಕಮ್ಮಿ ಇರುತ್ತದೆ. ಬಾರದ ಮಕ್ಕಳ ಮನೆಗೆ ಕ್ಲಾಸ್ ಟೀಚರ್ ಫೋನ್ ಮಾಡಲಿ, ಬೈಯೋಕಲ್ಲ, ಹೇಗಿದ್ದಾನೆ ಅಂತ ಕೇಳೋಕೆ. ಪ್ರೇಯರ್‌ನಲ್ಲಿ ನಡೆದದ್ದನ್ನು ಐದು ನಿಮಿಷ ಹೇಳಿ, ಮಕ್ಕಳ ಪ್ರಶ್ನೆಗೆ ಉತ್ತರ ಕೊಡಿ. ಹಾಸಿಗೆ ಒದ್ದೆ ಮಾಡಿಕೊಳ್ಳೋದು, ಬೆಳಗ್ಗೆ ಹೊಟ್ಟೆನೋವು ಅನ್ನೋದು, ಅಮ್ಮನ ಸೆರಗು ಬಿಡದಿರೋದು ಕೆಲವು ದಿನ ಇರಬಹುದು. ಕಮ್ಮಿಯಾಗದಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಇದೆ, ಕನ್ನಡದಲ್ಲೂ ಮಾತಾಡುತ್ತಾರೆ, ದುಡ್ಡಿಲ್ಲ.

ಇದಕ್ಕಿಂತ ಮುಖ್ಯವಾದದ್ದು ಒಂದಿದೆ. 2023ರ ಮೇಲ್‌ನಲ್ಲಿ ಧರ್ಮದ ಹೆಸರಿನಲ್ಲಿ ಬೆದರಿಕೆ ಇತ್ತು. ಆ ಮಾತು ಮನೆಯ ಟಿವಿಯಿಂದ ಮಕ್ಕಳ ಬಾಯಿಗೆ, ಅಲ್ಲಿಂದ ಕ್ಲಾಸಿನ ಬೆಂಚಿಗೆ ಬರೋಕೆ ಒಂದು ರಾತ್ರಿ ಸಾಕು. "ನಿಮ್ಮವರೇ ಮಾಡಿದ್ದು" ಅಂತ ಒಂದು ಮಗು ಪಕ್ಕದ ಮಗುವಿಗೆ ಅಂದರೆ, ಅಂದ ಮಗುವಿಗೂ ಅನ್ನಿಸಿಕೊಂಡ ಮಗುವಿಗೂ ಅದು ವರ್ಷಗಟ್ಟಲೆ ಉಳಿಯುತ್ತದೆ. ಮೊದಲ ಪೀರಿಯಡ್‌ನಲ್ಲೇ ಪ್ರತಿ ಕ್ಲಾಸ್ ಟೀಚರ್ ಇದನ್ನು ಎತ್ತಬೇಕು. ಮೇಲ್‌ನಲ್ಲಿ ಯಾರ ಹೆಸರಿದೆಯೋ ಅವರೇ ಕಳಿಸಿದ್ದು ಅಂತ ಇಲ್ಲ. 2025ರ ಜೂನ್‌ನಲ್ಲಿ ಅಹಮದಾಬಾದ್ ಪೊಲೀಸರು ಒಬ್ಬ ಮಹಿಳಾ ಇಂಜಿನಿಯರ್‌ರನ್ನು ಬಂಧಿಸಿದರು. ತಾನು ಇಷ್ಟಪಟ್ಟವನು ಒಪ್ಪಲಿಲ್ಲ ಅಂತ ಅವನನ್ನು ಸಿಕ್ಕಿಸೋಕೆ ಅವನ ಹೆಸರಿನಲ್ಲಿ ಹಲವು ರಾಜ್ಯಗಳಿಗೆ ಬೆದರಿಕೆ ಮೇಲ್ ಕಳಿಸಿದ ಆರೋಪ ಅದು. ಇಂಥದ್ದನ್ನು ಹೈಸ್ಕೂಲ್ ಮಕ್ಕಳಿಗೆ ಹೇಳಿ, ಅವರಿಗೆ ಅರ್ಥವಾಗುತ್ತದೆ.

ಕೆಲವು ಸಲ ಕಳಿಸಿದವರು ಶಾಲೆಯ ಮಕ್ಕಳೇ ಆಗಿರುತ್ತಾರೆ. ದೆಹಲಿಯಲ್ಲಿ 2025ರ ಜನವರಿಯಲ್ಲಿ ಒಬ್ಬ ಶಾಲಾ ವಿದ್ಯಾರ್ಥಿಯನ್ನೇ ಪೊಲೀಸರು ಹಿಡಿದರು. ನಿಮ್ಮ ಶಾಲೆಯ ಮಗುವಿನ ಮೇಲೆ ಅನುಮಾನ ಬಂದರೆ ನೀವು ವಿಚಾರಣೆ ಮಾಡೋಕೆ ಹೋಗಬೇಡಿ, ಸ್ಟಾಫ್ ರೂಮಿನಲ್ಲಿ ಹೆಸರು ಎತ್ತಬೇಡಿ. ಅಪ್ಪ ಅಮ್ಮನನ್ನು ಕರೆಸಿ, ಪೊಲೀಸರು ಮಾತಾಡುವಾಗ ಜೊತೆಗೆ ಕೂರಿಸಿ. 18 ತುಂಬದ ಮಗುವಿನ ವಿಷಯ ಬಾಲನ್ಯಾಯ ಮಂಡಳಿಗೆ ಹೋಗುತ್ತದೆ. ಅಲ್ಲೀತನಕ ಅದು ನಿಮ್ಮ ಶಾಲೆಯ ಮಗುವೇ.

ಈ ವಾರವೇ ಮಾಡಬಹುದಾದದ್ದು

ಯುದ್ಧಕಾಲೇ ಶಸ್ತ್ರಾಭ್ಯಾಸ ಬೇಡ. ಸ್ಟೇಷನ್‌ಗೆ ಹೋಗಿ ಇನ್‌ಸ್ಪೆಕ್ಟರ್‌ರನ್ನು ಶಾಲೆಗೆ ಕರೆಯಿರಿ. ಅರ್ಧ ಗಂಟೆ ಕಟ್ಟಡ ತೋರಿಸಿ, ಒಂದು ನಕ್ಷೆ ಅವರಿಗೂ ಕೊಡಿ. ವರ್ಷಕ್ಕೆ ಎರಡು ಸಲ ಡ್ರಿಲ್ ಮಾಡಿ, ಅದರಲ್ಲಿ ಒಂದು ಸಲ ಪೋಷಕರನ್ನೂ ಕರೆದು ಮಕ್ಕಳನ್ನು ಒಪ್ಪಿಸುವ ಅಭ್ಯಾಸ ಮಾಡಿ. ಮೈದಾನಕ್ಕೆ ಇಳಿಸುವ ಡ್ರಿಲ್ ಎಲ್ಲರೂ ಮಾಡುತ್ತಾರೆ, ಗೇಟಿನ ಡ್ರಿಲ್ ಮಾಡುವ ಶಾಲೆಗಳನ್ನು ನಾನು ಹೆಚ್ಚು ನೋಡಿಲ್ಲ. ನಮ್ಮಲ್ಲಿ ಮೊದಲ ಸಲ ಮಾಡಿದಾಗ ಎಂಟುನೂರು ಮಕ್ಕಳನ್ನು ಒಪ್ಪಿಸೋಕೆ ಎರಡು ಗಂಟೆಗೂ ಜಾಸ್ತಿ ಹಿಡಿಯಿತು. ಕ್ಲಾಸಿಗೊಂದು ಟೇಬಲ್ ಹಾಕಿದ ಮೇಲೆ ಐವತ್ತು ನಿಮಿಷಕ್ಕೆ ಬಂತು. ಆ ಎರಡನೇ ಕ್ಲಾಸಿನ ಹುಡುಗನ ಅಮ್ಮ ಅವತ್ತಿಂದ ಪ್ರತಿ ಡ್ರಿಲ್‌ನಲ್ಲೂ ಎರಡನೇ ಕ್ಲಾಸಿನ ಟೇಬಲ್ ಹತ್ತಿರ ಬಂದು ಕೂರುತ್ತಿದ್ದರು, ಯಾರೂ ಕರೆಯದೆ.

ರಿಜಿಸ್ಟರನ್ನು ಪ್ರತಿ ತಿಂಗಳ ಮೊದಲ ಶನಿವಾರ ಹೊಸದಾಗಿ ಪ್ರಿಂಟ್ ತೆಗೆಸಿ. ಹೊಸ ಅಡ್ಮಿಷನ್, ಟಿಸಿ ತೆಗೆದುಕೊಂಡವರು, ನಂಬರ್ ಬದಲಾದವರು ಇರುತ್ತಾರೆ. ಆಫೀಸಿನಲ್ಲಿ ಒಂದು ಪ್ರತಿ ಇದ್ದರೆ ಸಾಲದು, ಆ ದಿನ ಆಫೀಸಿಗೆ ಹೋಗೋಕೆ ಬಿಡದೇ ಇರಬಹುದು. ಇನ್ನೊಂದು ಪ್ರತಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ನಾಲ್ಕು ಪೆನ್ನು, ಸ್ಟಾಂಪ್ ಪ್ಯಾಡ್, ಕೈ ಮೈಕಿನ ಸೆಲ್ಲಿನ ಜೊತೆ ವಾಚ್‌ಮನ್ ಕ್ಯಾಬಿನ್ನಿನ ಮೊಳೆಗೆ ನೇತುಹಾಕಿ.